ಬ್ಯಾಟರಿ ಬದಲಿಸುವ ಮುನ್ನ ಮೀಟರ್ ಹಿಡಿಯಿರಿ!

ಹಬ್ಬಕ್ಕೆಂದು ಅಪ್ಪನ ಹಳೆಯ ಮಾರುತಿ 800 ಹತ್ತಿ ಬೆಂಗಳೂರಿನಿಂದ ಸಿಂದಗಿಗೆ ಹೊರಡುತ್ತೀರಿ. ಬಸವನ ಬಾಗೇವಾಡಿ ದಾಟುವಷ್ಟರಲ್ಲಿ ಕತ್ತಲು. ಹೆಡ್‌ಲೈಟ್ ಮಂಕು. ಚಹಾಕ್ಕೆ ನಿಲ್ಲಿಸಿದ ಗಾಡಿ ಮತ್ತೆ ಸೆಲ್ಫ್ ಎತ್ತುವುದಿಲ್ಲ. ಹಿಂದಿನ ಸೀಟಿನಲ್ಲಿ ಅಜ್ಜಿ, ಮಗು. 'ಬ್ಯಾಟರಿ ಹೋಗೇತ್ರಿ, ಹೊಸಾದು ಹಾಕಸ್ರಿ' ಎನ್ನುತ್ತಾರೆ. ಹಾಕಿಸುತ್ತೀರಿ. ಎರಡೇ ದಿನಕ್ಕೆ ಅದೂ ಮಲಗುತ್ತದೆ! ತಪ್ಪು ಬ್ಯಾಟರಿಯದೇ?

ಮೆಕ್ಯಾನಿಕ್‌ನನ್ನು ಬೈಯುವುದು ಸುಲಭ. ಅಳೆದು ನೋಡದೆ ಹಣ ಎಣಿಸಿದವರು ಯಾರು? ನಾವೇ!

ಒಂದು ಮಲ್ಟಿಮೀಟರ್ ಸಾಕು. ಎಂಜಿನ್ ಆರಿಸಿ ಕೆಲವು ಗಂಟೆ ಕಳೆದ ಮೇಲೆ, ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ 13.8ರಿಂದ 14.5. ಓಡುವಾಗಲೂ 12ರಲ್ಲೇ ನಿಂತರೆ ಚಾರ್ಜ್ ಆಗುತ್ತಿಲ್ಲವೆಂದೇ ಅರ್ಥ. 15 ದಾಟಿದರೆ ರೆಗ್ಯುಲೇಟರ್ ಮೇಲೆ ಅನುಮಾನಪಡಿ. ಆದರೂ ಆಲ್ಟರ್ನೇಟರ್ ಬಿಚ್ಚಿಸಲು ಅವಸರ ಬೇಡ. ಬೆಲ್ಟ್ ಸಡಿಲವೇ? ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿಯೇ? ಎಂಜಿನ್‌ನಿಂದ ಬಾಡಿಗೆ ಬರುವ ಅರ್ಥ್ ವೈರ್ ತುಕ್ಕು ಹಿಡಿದಿದೆಯೇ? ಹಳೆಯ ಗಾಡಿಯಲ್ಲಿ ಎಷ್ಟೋ ಸಲ ಕಳ್ಳ ಅಲ್ಲೇ ಕುಳಿತಿರುತ್ತಾನೆ.

ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ವೈರ್ ಕಿತ್ತು ನೋಡುವ ಚಾಳಿ ಡೈನಮೋ ಕಾಲದ್ದು. ಆಲ್ಟರ್ನೇಟರ್ ಗಾಡಿಯಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ದಿಢೀರನೆ ಏರಿ ಡಯೋಡ್ ಸುಟ್ಟೀತು. ಯಾರಾದರೂ ಕೈಹಾಕಿದರೆ ತಡೆಯಿರಿ!

ಇನ್ನು ಬಿಸಿಲು. ಇಂಡಿ, ಮುದ್ದೇಬಿಹಾಳದ ಏಪ್ರಿಲ್ ಬಲ್ಲವರಿಗೆ ಹೇಳಬೇಕೇ? ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ನೀರು ಬೇಗ ಇಳಿಯುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕಿ. ಬೋರ್‌ವೆಲ್ ನೀರಲ್ಲ!