ಕಳಸದ ಪರಂಪರೆ ಮತ್ತು ನಮ್ಮ ಪಲ್ಪರ್ ನೀರು

ಪರಂಪರೆ ಎಂದೊಡನೆ ನಮ್ಮ ದೃಷ್ಟಿ ಗೋಪುರದತ್ತ ಹೊರಳುತ್ತದೆ. ಕಳಸೇಶ್ವರ ದೇಗುಲ, ಮಧ್ವಾಚಾರ್ಯರು ತಂದಿಟ್ಟರೆಂದು ಜನ ನಂಬಿರುವ ಅಂಬಾತೀರ್ಥದ ಬಂಡೆ, ಭೈರರಸರ ಕಾಲದ ನೆನಪುಗಳು – ಇವುಗಳಿಗೆ ಫಲಕ ನೆಟ್ಟರೆ ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ. ಭದ್ರೆಯ ಹೆಸರು ಈ ಪಟ್ಟಿಗೆ ಸೇರುವುದೇ ಇಲ್ಲ! ಪಂಚತೀರ್ಥಗಳ ಊರಿನವರಾಗಿ ತೀರ್ಥವೆಂದರೆ ನೀರು ಎಂಬುದನ್ನೇ ಮರೆತಿದ್ದೇವೆ.

ಆಸ್ಟ್ರಿಯಾ ದೇಶದ ಹೈನ್‌ಬುರ್ಗ್ ಡ್ಯಾನ್ಯೂಬ್ ನದಿಯ ದಡದ ಸಣ್ಣ ಪಟ್ಟಣ. ಮಧ್ಯಯುಗದ ಕೋಟೆಗೋಡೆ, ಹೆಬ್ಬಾಗಿಲುಗಳು ಅಲ್ಲಿ ಇಂದಿಗೂ ಇವೆ. ಆದರೆ ಪರಿಸರಾಸಕ್ತರು ಆ ಊರನ್ನು ನೆನೆಯುವುದು ಬೇರೆ ಕಾರಣಕ್ಕೆ. 1984ರ ಡಿಸೆಂಬರಿನಲ್ಲಿ ಜಲವಿದ್ಯುತ್ ಸ್ಥಾವರಕ್ಕಾಗಿ ನದೀತೀರದ ಕಾಡನ್ನು ಕಡಿಯಲು ಹೊರಟಾಗ ಸಾವಿರಾರು ಜನ ಕೊರೆಯುವ ಚಳಿಯಲ್ಲಿ ಆ ಕಾಡಿನಲ್ಲೇ ಬೀಡುಬಿಟ್ಟರು. ಸರ್ಕಾರ ಹಿಂದೆ ಸರಿಯಿತು. 1996ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು.

ನಾವೇನೂ ಕಡಿಮೆಯವರಲ್ಲ. ಕುದುರೆಮುಖದ ಗಣಿಯ ವಿರುದ್ಧ ಈ ಬೆಟ್ಟಗಳಲ್ಲೂ ಹೋರಾಟ ನಡೆಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು, 2005ರ ಕೊನೆಗೆ ಗಣಿ ನಿಂತಿತು. ಆದರೆ ಅಂದು ಎದುರಾಳಿ ಹೊರಗಿನವನು, ದೊಡ್ಡವನು. ಬೆರಳು ತೋರುವುದು ಸುಲಭವಿತ್ತು. ಇಂದು ಬೆರಳು ನಮ್ಮತ್ತಲೇ ತಿರುಗಬೇಕಾಗಿದೆ.

ಡಿಸೆಂಬರಿನಿಂದ ಫೆಬ್ರುವರಿಯವರೆಗೆ, ಹಳ್ಳಗಳು ಸೊರಗುವ ಹೊತ್ತಿಗೇ, ನಮ್ಮ ಕಾಫಿ ಪಲ್ಪರ್‌ಗಳು ತಿರುಗುತ್ತವೆ. ಹಣ್ಣಿನ ಸಿಪ್ಪೆ ಮತ್ತು ಬೀಜಕ್ಕಂಟಿದ ಲೋಳೆಯ ಸಕ್ಕರೆ ನೀರಿನಲ್ಲಿ ಹುಳಿತು ಆಮ್ಲವಾಗುತ್ತದೆ. ಆ ನೀರಿನ ಪಿಎಚ್ ನಾಲ್ಕರ ಆಸುಪಾಸಿಗೆ ಇಳಿಯುತ್ತದೆ. ಅದು ಹಳ್ಳಕ್ಕೆ ಬಿದ್ದರೆ, ಅದನ್ನು ಜೀರ್ಣಿಸಿಕೊಳ್ಳುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತವೆ. ಮೀನು, ಏಡಿಗಳಿಗೆ ಉಸಿರು ಉಳಿಯುವುದಿಲ್ಲ. ನೀರು ಕಪ್ಪಾಗಿ ನಾರುತ್ತದೆ. ಆ ಹಳ್ಳ ಸೇರುವುದು ಭದ್ರೆಯನ್ನೇ. ಇದನ್ನು ಬರೆಯಲು ನನಗೆ ಸಂಕೋಚವಿದೆ: ನನ್ನ ತಂದೆಯವರ ಕಾಲದಲ್ಲಿ ನಮ್ಮ ಪಲ್ಪರಿನ ನೀರೂ ಹಳ್ಳಕ್ಕೇ ಹರಿಯುತ್ತಿತ್ತು.

ಸಣ್ಣ ಬೆಳೆಗಾರನಿಗೆ ಶುದ್ಧೀಕರಣ ತೊಟ್ಟಿಯ ಖರ್ಚು ಹೊರೆಯೆಂಬ ವಾದವುಂಟು. ನಿಜ. ಆದರೆ ಪಲ್ಪರಿನ ನೀರನ್ನೇ ಮರುಬಳಸಿ ಅದರ ಪ್ರಮಾಣ ತಗ್ಗಿಸಬಹುದು, ಸುಣ್ಣ ಬೆರೆಸಿ ಆಮ್ಲ ಕಳೆಯಬಹುದು, ನಾಲ್ಕು ಮನೆಯವರು ಸೇರಿ ಒಂದು ತೊಟ್ಟಿ ಕಟ್ಟಬಹುದು. ರೊಬಸ್ಟಾವನ್ನು ಚೆರ್ರಿಯಾಗಿ ಒಣಗಿಸಿದರೆ ಈ ನೀರೇ ಬೇಡ. ಕಾರು ಕೊಳ್ಳುವಾಗ ಹೊರೆಯೆನಿಸದ ಸಾಲ ತೊಟ್ಟಿಗೆ ಮಾತ್ರ ಹೊರೆಯೆನ್ನುವ ದೊಡ್ಡ ತೋಟದವರ ಕುರಿತು ನಾನೇನೂ ಹೇಳಲಾರೆ.

2012ರಲ್ಲಿ ಯುನೆಸ್ಕೋ ಪಶ್ಚಿಮಘಟ್ಟಕ್ಕೆ ವಿಶ್ವಪರಂಪರೆಯ ಸ್ಥಾನ ಕೊಟ್ಟಾಗ, ಕುದುರೆಮುಖವೂ ಅದರಲ್ಲಿತ್ತು, ನಮ್ಮಲ್ಲಿ ಹಲವರು ಬದುಕಿಗೆ ಸಂಚಕಾರವೆಂದು ಕೂಗೆಬ್ಬಿಸಿದರು. ಅದೇ ಮಾತು ಈಗ ಹೋಂಸ್ಟೇ ಫಲಕಗಳ ಮೇಲೆ ಬಣ್ಣದಲ್ಲಿ ಮೆರೆಯುತ್ತದೆ. ಕೋಣೆ ಬಾಡಿಗೆಗೆ ಒದಗುವ ಪರಂಪರೆ ಹಳ್ಳದ ನೀರಿಗೇಕೆ ಒದಗಬಾರದು?

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ಈ ಕೊಯ್ಲಿನಲ್ಲಿ ನಿಮ್ಮೂರ ಹಳ್ಳದ ನೀರನ್ನು ಪಲ್ಪರ್ ಮನೆಯ ಮೇಲ್ಭಾಗದಲ್ಲೊಂದು, ಕೆಳಭಾಗದಲ್ಲೊಂದು ಬಾಟಲಿಗೆ ತುಂಬಿರಿ. ಶಾಲೆಯ ಪಿಎಚ್ ಕಾಗದ ಅದ್ದಿ ನೋಡಿ, ಎರಡನ್ನೂ ಗ್ರಾಮಸಭೆಯ ಮೇಜಿನ ಮೇಲಿಡಿ. ಮೊದಲ ಬಾಟಲಿಗಳಿಗೆ ನಮ್ಮ ತೋಟದ ಹಳ್ಳಕ್ಕೇ ಬನ್ನಿ.