ಮಾತ್ರೆ ಅಪ್ಪನದು, ನೆನಪು ಮನೆಯವರದು

‘ತಲೆನೋವಿಲ್ಲ, ತಲೆಸುತ್ತಿಲ್ಲ. ಮತ್ತೆ ಈ ಮಾತ್ರೆ ಯಾತಕ್ಕೆ?’

ಬಿ.ಪಿ. ಇರುವ ಹಿರಿಯರು ಮನೆಯಲ್ಲಿದ್ದರೆ ಈ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಹೀಗೆಂದುಕೊಂಡೇ ಮೂರು ತಿಂಗಳು ಮಾತ್ರೆ ಬಿಟ್ಟಿದ್ದರು. ಒಂದು ಬೆಳಿಗ್ಗೆ ಹಲ್ಲುಜ್ಜಲು ಹೋದವರಿಗೆ ಬಲಗೈ ಏಳಲಿಲ್ಲ, ಮಾತು ತೊದಲಿತು. ಜೀವ ಉಳಿಯಿತು. ಆದರೆ ನೂರಾರು ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈ ಈಗ ಲೋಟ ಹಿಡಿಯಲೂ ನಡುಗುತ್ತದೆ. ‘ಅವರ ಮಾತ್ರೆ ಅವರೇ ನೋಡಿಕೊಳ್ಳುತ್ತಾರೆ ಅಂದುಕೊಂಡಿದ್ದೆವು’ ಎಂದು ಮಗ ಪೇಚಾಡಿದರು.

ಈ ಕಾಯಿಲೆಯ ಮೋಸ ಇರುವುದೇ ಇಲ್ಲಿ. ಜ್ವರ ಬಂದವನು ತಾನಾಗಿ ಔಷಧಿ ಕೇಳುತ್ತಾನೆ. ರಕ್ತದೊತ್ತಡ ಹಾಗಲ್ಲ, ನೋವು ಕೊಡದೆ ಮಿದುಳು, ಹೃದಯ, ಮೂತ್ರಪಿಂಡಗಳ ರಕ್ತನಾಳಗಳನ್ನು ಸದ್ದಿಲ್ಲದೆ ಕೆಡಿಸುತ್ತದೆ. ರೋಗಿಗೇ ಗೊತ್ತಾಗದ ರೋಗವನ್ನು ಮನೆಯವರು ನೆನಪಿಸಬೇಕು.

ಇದು ಬರಿಯ ಉಪದೇಶವಲ್ಲ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 1970ರ ದಶಕದಲ್ಲಿ ಸುಮಾರು 400 ಮಂದಿ ಬಿ.ಪಿ. ರೋಗಿಗಳ ನಡುವೆ ಒಂದು ಪ್ರಯೋಗ ನಡೆಯಿತು. ಕೆಲವರಿಗೆ ಚಿಕಿತ್ಸೆಯನ್ನು ಬಿಡಿಸಿ ಹೇಳಿದರು. ಕೆಲವರ ಮನೆಗೆ ಹೋಗಿ, ಹೇಗೆ ನೆರವಾಗಬೇಕೆಂದು ಮನೆಯವರಿಗೆ ಕಲಿಸಿದರು. ಇನ್ನು ಕೆಲವರನ್ನು ಸಣ್ಣ ಗುಂಪುಗಳಲ್ಲಿ ಕೂಡಿಸಿ ಮಾತನಾಡಿಸಿದರು. ಕೆಲವರಿಗೆ ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ದೊರೆಯಿತು. ಐದು ವರ್ಷಗಳ ಲೆಕ್ಕ 1983ರಲ್ಲಿ ಪ್ರಕಟವಾಯಿತು. ಇಂಥ ನೆರವು ಪಡೆದವರಲ್ಲಿ ಸಾವಿನ ಪ್ರಮಾಣ, ಪಡೆಯದವರಿಗಿಂತ ಅರ್ಧಕ್ಕೂ ಕಡಿಮೆಯಿತ್ತು!

ನಮ್ಮ ಮನೆಗಳಲ್ಲಿ ಏನು ಮಾಡಬಹುದು? ತಾಯಂದಿರೇ, ಅವರಿಗೊಂದು ಸಪ್ಪೆ ಸಾರು, ಉಳಿದವರಿಗೊಂದು ಸಾರು ಬೇಡ. ಎಲ್ಲರಿಗೂ ಉಪ್ಪು ಕಡಿಮೆ ಮಾಡಿ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ, ಅಂದರೆ ಒಂದು ಟೀ ಚಮಚಕ್ಕಿಂತ, ಕಡಿಮೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಇದೇ ಲೆಕ್ಕಕ್ಕೆ ಸೇರುತ್ತದೆ.

ವಿದ್ಯಾರ್ಥಿಗಳೇ, ನಿಮಗೂ ಕೆಲಸವಿದೆ. ಬಿ.ಪಿ. ನೋಡಿಸಿದ ದಿನ ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನೋಡುವ ಮುಂಚೆ ಅವರು ಐದು ನಿಮಿಷ ಸುಮ್ಮನೆ ಕೂತಿರಲಿ. ಅದಕ್ಕೂ ಅರ್ಧ ಗಂಟೆ ಮೊದಲಿನಿಂದ ಕಾಫಿ ಬೇಡ. ಮಾತ್ರೆ ಮುಗಿಯುವ ಮುನ್ನವೇ ತಂದಿಡಿ. ಮಾತ್ರೆ ಬದಲಿಸುವುದು, ನಿಲ್ಲಿಸುವುದು ಮಾತ್ರ ವೈದ್ಯರಿಗೇ ಬಿಟ್ಟದ್ದು. ಒಂದು ಮಾತು: ಪೊಲೀಸರಾಗಬೇಡಿ. ಗದರಿಸಿದರೆ ಹಿರಿಯರು ಮುಚ್ಚಿಡಲು ಕಲಿಯುತ್ತಾರೆ. ಸಂಜೆ ಜೊತೆಯಲ್ಲಿ ನಡೆಯಲು ಹೋಗಿ, ಆಗ ತಾವಾಗಿ ಹೇಳುತ್ತಾರೆ. ಅಕ್ಕಪಕ್ಕದ ನಾಲ್ಕು ಮನೆಯವರು ಹದಿನೈದು ದಿನಕ್ಕೊಮ್ಮೆ ಜಗಲಿಯಲ್ಲಿ ಸೇರಿ ಪರಸ್ಪರ ವಿಚಾರಿಸಿಕೊಂಡರೆ ಇನ್ನೂ ಒಳ್ಳೆಯದು.

ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮೇಷ್ಟ್ರ ಮನೆಯಲ್ಲಿ ಈಗ ಏಳನೇ ತರಗತಿಯ ಮೊಮ್ಮಗಳು ದಿನಾ ಮಾತ್ರೆ ಕೊಟ್ಟು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾಳೆ. ‘ಹಾಜರಿ ಹಾಕಿದೆಯೇನಮ್ಮಾ?’ ಎಂದು ಮೇಷ್ಟ್ರೇ ಕೇಳುತ್ತಾರೆ.