ಗೃಹಸ್ಥರೊಡನೆ ನಾಲ್ಕು ಮಾತು: ಹರಾಜಿನ ವಾಹನಕ್ಕೆ ಒಡೆಯರಾರು?

ಹರಾಜೆಂಬ ಮಾತಿಗೆ ಒಂದು ವಿಚಿತ್ರವಾದ ಆಕರ್ಷಣೆಯುಂಟು. ಅಂಗಡಿಯಲ್ಲಿ ಹತ್ತು ಸಲ ಬೆಲೆ ವಿಚಾರಿಸಿ, ಮನೆಗೆ ಬಂದು ಲೆಕ್ಕ ಹಾಕಿ, ಕಡೆಗೆ ಬೇಡವೆಂದು ಬಿಟ್ಟುಬಿಡತಕ್ಕ ಜಾಗರೂಕನಾದ ಗೃಹಸ್ಥನೂ ಸವಾಲಿನ ಸ್ಥಳದಲ್ಲಿ ನಿಂತನೆಂದರೆ, ಪಕ್ಕದವನು ಒಂದು ಸಾವಿರ ಏರಿಸಿದಾಗ ತಾನು ಎರಡು ಸಾವಿರ ಏರಿಸುತ್ತಾನೆ. ಈಗಂತೂ ಮೊಬೈಲಿನ ಮೂಲಕವೂ ಹರಾಜು ನಡೆಯುವುದರಿಂದ ಜಗುಲಿಯ ಮೇಲೆ ಕುಳಿತೇ ಕಾರನ್ನು ಕೊಳ್ಳಬಹುದಾಗಿದೆ. ಕಂತು ಕಟ್ಟಲಾರದವರಿಂದ ಬ್ಯಾಂಕುಗಳು ಹಿಂದಕ್ಕೆ ತೆಗೆದುಕೊಂಡ ಕಾರುಗಳು, ಪೋಲೀಸು ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿದ ಮೋಟಾರು ಸೈಕಲುಗಳು, ಇಲಾಖೆಗಳು ಬಳಸಿ ಬಿಟ್ಟ ಜೀಪುಗಳು, ಅಪಘಾತಕ್ಕೆ ಸಿಕ್ಕಿ ವಿಮಾ ಕಂಪೆನಿಯ ಪಾಲಾದ ಗಾಡಿಗಳು, ಎಲ್ಲವೂ ಹರಾಜಿಗೆ ಬರುತ್ತವೆ. ಬೆಲೆ ಪೇಟೆಗಿಂತ ಕಡಿಮೆ. ಏಕೆ ಕಡಿಮೆಯೆಂದು ಕೇಳುವವರು ಮಾತ್ರ ವಿರಳ.

ಕೊಳ್ಳುವವರು ಇಂಜಿನ್ನಿನ ಸದ್ದನ್ನು ಆಲಿಸುತ್ತಾರೆ, ಚಕ್ರವನ್ನು ಒದ್ದು ನೋಡುತ್ತಾರೆ, ಬಣ್ಣವನ್ನು ಸವರಿ ನೋಡುತ್ತಾರೆ. ಕೆಟ್ಟ ಇಂಜಿನ್ನನ್ನು ಮೇಸ್ತ್ರಿಯು ಸರಿಮಾಡಿಯಾನು. ಕೆಟ್ಟ ಒಡೆತನವನ್ನು ಸರಿಮಾಡತಕ್ಕ ಮೇಸ್ತ್ರಿ ಯಾವ ಗ್ಯಾರೇಜಿನಲ್ಲಿಯೂ ದೊರೆಯನು. ಆದುದರಿಂದ ಈ ತಿಂಗಳು ಆ ವಿಷಯವನ್ನೇ ಕುರಿತು ನಾಲ್ಕು ಮಾತುಗಳನ್ನಾಡಲು ಬಯಸುತ್ತೇವೆ.

ಇದು ಹೊಸ ತೊಡಕಲ್ಲ. ಮನುಸ್ಮೃತಿಯು ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ ಮೂರನೆಯದು ‘ಅಸ್ವಾಮಿವಿಕ್ರಯ’, ಎಂದರೆ ಒಡೆಯನಲ್ಲದವನು ಮಾಡಿದ ಮಾರಾಟ. ಯಾಜ್ಞವಲ್ಕ್ಯಸ್ಮೃತಿಯಲ್ಲಿಯೂ ಇದಕ್ಕೊಂದು ಪ್ರಕರಣವಿದೆ. ಅದಕ್ಕೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದವನು, ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಶ್ರಯದಲ್ಲಿದ್ದವನು. ಪರರು ಮಾರಿದ ತನ್ನ ವಸ್ತುವನ್ನು ಒಡೆಯನು ಹಿಂದಕ್ಕೆ ಪಡೆಯಬಹುದು. ಗುಟ್ಟಾಗಿ, ಅತಿ ಕಡಿಮೆ ಬೆಲೆಗೆ, ಹೊತ್ತಲ್ಲದ ಹೊತ್ತಿನಲ್ಲಿ ಕೊಂಡವನನ್ನು ಕಳ್ಳನಂತೆಯೇ ಎಣಿಸಬೇಕು ಎಂಬುದು ಅಲ್ಲಿಯ ತಾತ್ಪರ್ಯ. ಇಂದಿನ ಕಾನೂನಾದರೂ ದೂರ ಹೋಗಿಲ್ಲ. ೧೯೩೦ರ ಸರಕು ಮಾರಾಟ ಕಾಯಿದೆಯ ೨೭ನೆಯ ಕಲಮಿನಂತೆ, ಕೆಲವು ವಿನಾಯಿತಿಗಳನ್ನುಳಿದು, ಮಾರುವವನು ತನಗಿರುವುದಕ್ಕಿಂತ ಹೆಚ್ಚಿನ ಹಕ್ಕನ್ನು ಕೊಳ್ಳುವವನಿಗೆ ಕೊಡಲಾರನು. ಅದೇ ಕಾಯಿದೆಯ ೬೪ನೆಯ ಕಲಮು ಸುತ್ತಿಗೆ ಬಿದ್ದೊಡನೆ ಹರಾಜಿನ ಮಾರಾಟ ಮುಗಿಯಿತೆನ್ನುತ್ತದೆ. ಎರಡನ್ನೂ ಸೇರಿಸಿ ಓದಿದರೆ ಅರ್ಥ ಸ್ಪಷ್ಟವಾಗುತ್ತದೆ. ಸುತ್ತಿಗೆಯ ಏಟು ಬೆಲೆಯನ್ನು ಗೊತ್ತುಮಾಡುತ್ತದೆಯೇ ಹೊರತು, ಇಲ್ಲದ ಒಡೆತನವನ್ನು ಹುಟ್ಟಿಸುವುದಿಲ್ಲ.

ನಮ್ಮ ಪರಿಚಿತರಾದ ಒಬ್ಬ ಜವಳಿ ವರ್ತಕರು ಬ್ಯಾಂಕೊಂದರ ಹರಾಜಿನಲ್ಲಿ ಎರಡು ಲಕ್ಷ ನಲವತ್ತು ಸಾವಿರಕ್ಕೆ ಕಾರನ್ನು ಕೊಂಡರು. ಹಣ ಕಟ್ಟಿದರು, ಕಾರು ಮನೆಗೆ ಬಂದಿತು, ಪೂಜೆಯೂ ಆಯಿತು. ಆರ್‌ಸಿಯು ಮಾತ್ರ ಹಿಂದಿನವರ ಹೆಸರಿನಲ್ಲಿಯೇ ಇದ್ದಿತು. ಸಾಲದ ಬಾಕಿಯ ಲೆಕ್ಕ ತಪ್ಪೆಂದು ಆ ಹಿಂದಿನ ಯಜಮಾನರು ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ತಂದಿದ್ದರೆಂಬುದು ಆರ್‌ಟಿಓ ಕಛೇರಿಯಲ್ಲಿಯೇ ಇವರಿಗೆ ತಿಳಿದದ್ದು. ಒಂದು ಸಂಜೆ ಆ ಯಜಮಾನರು ಪತ್ನೀಸಮೇತರಾಗಿ ಇವರ ಬಾಗಿಲಿಗೆ ಬಂದು, “ಸ್ವಾಮೀ, ತಮ್ಮ ಮೇಲೆ ನಮಗೆ ಕೋಪವಿಲ್ಲ. ಆದರೆ ಕಾರು ನಮ್ಮದು” ಎಂದರಂತೆ. ಕಾರು ಹದಿನಾಲ್ಕು ತಿಂಗಳು ಟಾರ್ಪಾಲಿನ ಕೆಳಗೆ ನಿಂತಿತು. ಕಡೆಗೆ ಬ್ಯಾಂಕು ಹಣವನ್ನು ಬಡ್ಡಿಯಿಲ್ಲದೆ ಹಿಂದಿರುಗಿಸಿತು. ಇಲ್ಲಿ ಮೋಸಗಾರನೆಂದು ಯಾರನ್ನು ಕರೆಯೋಣ? ಕೊಂಡವರೂ ಸಭ್ಯರು, ಕಳೆದುಕೊಂಡವರೂ ಸಭ್ಯರು. ಸವಾಲಿಗೆ ಮೊದಲು ಒಂದು ಪ್ರಶ್ನೆಯನ್ನು ಕೇಳದೆ ಇದ್ದುದರಿಂದ ಎರಡು ಸಂಸಾರಗಳು ನೊಂದವು.

ಆ ಪ್ರಶ್ನೆಯಾವುದೆಂದರೆ: ಮಾರುತ್ತಿರುವವರು ಯಾರು, ಯಾವ ಅಧಿಕಾರದಿಂದ ಮಾರುತ್ತಿದ್ದಾರೆ? ಇದರ ಉತ್ತರವು ಹರಾಜಿನ ಬಗೆಯನ್ನು ಅನುಸರಿಸಿ ಬೇರೆಯಾಗುತ್ತದೆ.

ಬ್ಯಾಂಕಿನ ಹರಾಜಾದರೆ, ಆರ್‌ಸಿಯಲ್ಲಿ ಸಾಲದ ನಮೂದು, ಎಂದರೆ ಹೈಪಾಥಿಕೇಷನ್, ಇದ್ದೇ ಇರುತ್ತದೆ. ಸಾಲ ಕೊಡುವಾಗಲೇ ಸಹಿ ಹಾಕಿಸಿಟ್ಟುಕೊಂಡ ಖಾಲಿ ನಮೂನೆಗಳನ್ನು ತೋರಿಸಿ ಎಲ್ಲವೂ ಸರಿಯಾಗಿದೆಯೆಂದು ಹೇಳುವವರುಂಟು, ಅದನ್ನು ನೆಚ್ಚಬಾರದು. ಹಿಂದಿನ ಒಡೆಯನು ಒಪ್ಪಿ ಆರ್‌ಸಿಯನ್ನು ಒಪ್ಪಿಸಿದ್ದರೆ ಒಳ್ಳೆಯದು. ಒಪ್ಪಿಸದೆ ಹೋದರೆ, ಅಥವಾ ತಲೆಮರೆಸಿಕೊಂಡಿದ್ದರೆ, ೧೯೮೮ರ ಮೋಟಾರು ವಾಹನ ಕಾಯಿದೆಯ ೫೧ನೆಯ ಕಲಮು ದಾರಿ ತೋರಿಸುತ್ತದೆ. ನೋಂದಣಿ ಅಧಿಕಾರಿಯು ಆ ಒಡೆಯನಿಗೆ ನೋಟೀಸು ಕೊಟ್ಟು, ಅವನ ಮಾತಿಗೆ ಅವಕಾಶವಿತ್ತು, ಹಳೆಯ ಆರ್‌ಸಿಯನ್ನು ರದ್ದುಮಾಡಿ ಸಾಲ ಕೊಟ್ಟವರ ಹೆಸರಿಗೆ ಹೊಸದನ್ನು ಕೊಡಬಹುದು. ಇದಕ್ಕೆ ೩೬ನೆಯ ನಮೂನೆ. ಬ್ಯಾಂಕು ಈ ಕೆಲಸವನ್ನು ಮುಗಿಸಿದೆಯೆ ಎಂಬುದನ್ನು ಠೇವಣಿ ಕಟ್ಟುವ ಮೊದಲೇ ಬರೆಹದಲ್ಲಿ ಕೇಳತಕ್ಕದ್ದು. ಸಾಲದ ನಮೂದನ್ನು ತೆಗೆಸಲು ೩೫ನೆಯ ನಮೂನೆಯೂ ಕೈಗೆ ಬರಬೇಕು.

ಸರ್ಕಾರದ ಹರಾಜಾದರೆ, ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೫೭ನೆಯದನ್ನು ನೆನಪಿಡಬೇಕು. ವಾಹನವು ವಶಕ್ಕೆ ಬಂದ ೩೦ ದಿನಗಳೊಳಗೆ ೩೨ನೆಯ ನಮೂನೆಯಲ್ಲಿ ಅರ್ಜಿ ಕೊಡಬೇಕು. ಅದರೊಡನೆ ಮಾರಾಟವನ್ನು ಸ್ಥಿರಪಡಿಸಿದ ಆಜ್ಞೆಯೂ, ಹರಾಜು ಮಾಡಲು ಅಪ್ಪಣೆಯಿತ್ತ ಸರ್ಕಾರಿ ಆದೇಶದ ದೃಢೀಕೃತ ನಕಲೂ ಇರಬೇಕು. ವಾಹನಕ್ಕೆ ನಂಬರೇ ಇಲ್ಲದಿದ್ದರೆ, ಅಥವಾ ಇರುವ ನಂಬರು ಸುಳ್ಳಾಗಿದ್ದರೆ, ಮೊದಲು ಹರಾಜು ಮಾಡಿದ ಇಲಾಖೆಯ ಹೆಸರಿನಲ್ಲಿ ಹೊಸ ನಂಬರು ಹುಟ್ಟಿ, ಅನಂತರ ಕೊಂಡವರ ಹೆಸರಿಗೆ ಬರುತ್ತದೆ. ಹರಾಜಿನ ಮೈದಾನದಲ್ಲಿ ಕೊಟ್ಟ ರಸೀತಿಯೊಂದನ್ನೇ ಜೇಬಿನಲ್ಲಿಟ್ಟುಕೊಂಡು ಬಂದವರಿಗೆ ಮುಂದೆ ಅಲೆದಾಟ ತಪ್ಪದು. ಇನ್ನೊಂದು ಸಂಗತಿ: ೨೦೨೩ರ ಏಪ್ರಿಲ್ ೧ರಿಂದ, ರಕ್ಷಣೆಗೆ ಸಂಬಂಧಿಸಿದ ಕೆಲವನ್ನುಳಿದು, ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯು ಮುಂದುವರಿಯುವುದಿಲ್ಲ. ಅವು ಗುಜರಿಗೆ ಹೋಗತಕ್ಕವು, ಬೀದಿಗೆ ಬರತಕ್ಕವಲ್ಲ.

ಪೋಲೀಸರು ವಶಪಡಿಸಿಕೊಂಡ ವಾಹನಗಳು ಠಾಣೆಯಲ್ಲಿ ವರ್ಷಗಟ್ಟಲೆ ಕೊಳೆಯಬಾರದೆಂದೂ, ಯಾರೂ ಹಕ್ಕು ಹೇಳದಿದ್ದರೆ ನ್ಯಾಯಾಲಯದ ಆಜ್ಞೆಯಿಂದ ಹರಾಜಾಗಬಹುದೆಂದೂ ಸರ್ವೋಚ್ಚ ನ್ಯಾಯಾಲಯವು ೨೦೦೨ರಲ್ಲಿ ಸುಂದರಭಾಯಿ ಅಂಬಾಲಾಲ ದೇಸಾಯಿ ಅವರ ಪ್ರಕರಣದಲ್ಲಿ ಹೇಳಿತು. ಆದುದರಿಂದ ಅಂಥ ವಾಹನಕ್ಕೆ ಆ ಆಜ್ಞೆಯ ನಕಲೇ ಜೀವಾಳ.

ಅಪಘಾತದ ಗಾಡಿಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ನುಜ್ಜುಗುಜ್ಜಾದ ಕಾರಿನ ಕಾಗದಗಳನ್ನು ಕದ್ದ ಕಾರಿಗೆ ತೊಡಿಸುವ ದಂಧೆಯೊಂದುಂಟು. ಷಾಸಿ ನಂಬರನ್ನೂ ಇಂಜಿನ್ ನಂಬರನ್ನೂ ಸ್ವತಃ ನೋಡಿ ಆರ್‌ಸಿಯೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. ಕೆರೆದ ಗುರುತು ಕಂಡರೆ ಅಲ್ಲಿಂದಲೇ ಕೈಮುಗಿದು ಹೊರಡುವುದು ಲೇಸು. ‘ವಾಹನ್’ ಎಂಬ ಸರ್ಕಾರಿ ದಾಖಲೆಯಲ್ಲಿ ಸಾಲದ ನಮೂದು, ವಿಮೆಯ ಅವಧಿ ಮೊದಲಾದವು ತಿಳಿಯುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ‘ವಾಹನ್ ಸಮನ್ವಯ’ದಲ್ಲಿ ಕಳವಿನ ದೂರು ಇದೆಯೇ ಎಂದು ನೋಡಬಹುದು. ಇದಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯದು. ಮನೆಯಲ್ಲಿ ಓದುವ ಹುಡುಗರು ಸಂತೋಷದಿಂದ ಮಾಡಿಕೊಡುತ್ತಾರೆ.

ಕೊಂಡ ಮೇಲೆ ಆಲಸ್ಯ ಕೂಡದು. ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಲು ಕಾಯಿದೆಯು ಕೊಡುವ ಅವಧಿ ೧೪ ದಿನ. ಹೊರ ರಾಜ್ಯದ ವಾಹನವಾದರೆ ಅಲ್ಲಿಯ ಎನ್‌ಓಸಿ ಬೇಕು. ಬಾಡಿಗೆಯ ವಾಹನವಾದರೆ ಪರ್ಮಿಟ್ಟು ವಾಹನದ ಬಾಲ ಹಿಡಿದು ತಾನಾಗಿ ಬಾರದು. ‘ಇದ್ದ ಸ್ಥಳದಲ್ಲಿ, ಇದ್ದ ಸ್ಥಿತಿಯಲ್ಲಿ’ ಎಂಬ ಷರತ್ತಿನ ಹಿಂದೆ ಬಾಕಿ ತೆರಿಗೆಯೂ ದಂಡಗಳೂ ಅಡಗಿರಬಹುದು. ಅವನ್ನು ಕಟ್ಟುವವರು ಯಾರೆಂಬುದನ್ನು ಮೊದಲೇ ಓದಿ ತಿಳಿಯಬೇಕು.

ವಾಹನವನ್ನು ಕಳೆದುಕೊಂಡವರಿಗೂ ಒಂದು ಮಾತು. ನವೀನ್‌ಕುಮಾರ್ ಮತ್ತು ವಿಜಯಕುಮಾರ್ ಅವರ ಪ್ರಕರಣದಲ್ಲಿ, ಕೈಯಿಂದ ಕೈಗೆ ಮಾರಿಹೋಗಿದ್ದರೂ ದಾಖಲೆಯಲ್ಲಿ ಹೆಸರು ಬದಲಾಗದಿದ್ದ ಕಾರಿನ ಅಪಘಾತಕ್ಕೆ, ದಾಖಲೆಯಲ್ಲಿದ್ದ ಒಡೆಯನೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ತೀರ್ಪಿತ್ತಿತು. ಕಂತು ಕಟ್ಟಲಾರದೆ ಕಾರನ್ನು ಒಪ್ಪಿಸಿದವರು ನಾಚಿಕೆಯಿಂದ ಮೌನವಾಗಿ ಕುಳಿತುಬಿಡುವುದು ಸಹಜ. ಆದರೂ ಒಪ್ಪಿಸಿದ ದಿನದ ರಸೀತಿಯನ್ನು ಜೋಪಾನವಾಗಿಟ್ಟು, ಹೆಸರು ಬದಲಾಯಿತೇ ಎಂದು ವಿಚಾರಿಸುತ್ತಿರಬೇಕು. ಕಾರು ಹೋದರೂ ಹೊಣೆ ಹೋಗದೆ ಉಳಿಯುವುದುಂಟು.

ನಾವು ಹರಾಜನ್ನು ಹಳಿಯುತ್ತಿಲ್ಲ. ನೇರವಾದ ಹರಾಜಿನಲ್ಲಿ ಬಡ ಸಂಸಾರಕ್ಕೆ ಒಳ್ಳೆಯ ವಾಹನ ದೊರೆತ ನಿದರ್ಶನಗಳು ಬೇಕಾದಷ್ಟಿವೆ. ಆದರೆ ಹಸುವನ್ನು ಕೊಳ್ಳುವಾಗ ಸುಳಿ ನೋಡುತ್ತಿದ್ದ ಹಿರಿಯರು ಹಸು ಯಾರ ಕೊಟ್ಟಿಗೆಯದೆಂದೂ ಕೇಳುತ್ತಿದ್ದರು. ವಾಚಕರು ಕಾಗದವನ್ನು ಮೊದಲು ನೋಡಲಿ, ವಾಹನವನ್ನು ಅನಂತರ ನೋಡಲಿ, ಸವಾಲನ್ನು ಎಲ್ಲಕ್ಕೂ ಕಡೆಗೆ ಕೂಗಲಿ.